ನಾನು ಊಟಕ್ಕೆ ಹೋಗಿದ್ದಾಗ ನನ್ನ ಲಾಗಿನ್‌ನಲ್ಲಿ ವೋಚರ್ ಪಾಸ್ ಆಗಿದೆ. ಕಚೇರಿಯ ಕಂಪ್ಯೂಟರ್‌ಗಳು ತಾವಾಗಿ ಲಾಕ್ ಆಗುವಂತೆ ಕಡ್ಡಾಯ ಮಾಡುವುದು ಹೇಗೆ?

ದಿನವಹಿ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕಿಗಳಾಗಿ ಕೆಲಸ ಮಾಡುತ್ತಿದ್ದೇನೆ. ಸಂಘದ ಹೆಸರು ಬರೆಯುವುದಿಲ್ಲ, ದಯವಿಟ್ಟು ಯಾರೂ ಊಹಿಸಿ ಬರೆಯಬೇಡಿ.

ಕಳೆದ ಬೇಸಿಗೆಯಲ್ಲಿ ಲೆಕ್ಕ ಪರಿಶೋಧನೆ ನಡೆಯುವಾಗ ಪರಿಶೋಧಕರು ಒಂದು ವೋಚರನ್ನು ನನ್ನ ಮುಂದೆ ಇಟ್ಟರು. ಪಿಗ್ಮಿ ಠೇವಣಿಯೊಂದನ್ನು ಅವಧಿಗೆ ಮುಂಚೆ ಮುರಿದು 18,400 ರೂಪಾಯಿ ನಗದು ಕೊಟ್ಟ ವೋಚರ್. ಠೇವಣಿದಾರರ ಸಹಿ ಇರಬೇಕಾದ ಜಾಗದಲ್ಲಿ ಒಂದು ಗೀಟು. ಪಾಸ್ ಮಾಡಿದವರ ಕಾಲಂನಲ್ಲಿ ನನ್ನ ಲಾಗಿನ್. ಸಮಯ ಮಧ್ಯಾಹ್ನ 1 ಗಂಟೆ 47 ನಿಮಿಷ. ನಾನು ದಿನವೂ ಒಂದೂವರೆಗೆ ಎದ್ದು ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತೇನೆ, ಎರಡು ಹತ್ತಕ್ಕೆ ಮರಳುತ್ತೇನೆ. ಇದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದವರೇ ಮಾಡಿದ್ದಾರೆ.

ಠೇವಣಿ ಇಟ್ಟಿದ್ದವರು ಹೂವು ಮಾರುವ ಒಬ್ಬ ಅಜ್ಜಿ. ದಿನಕ್ಕೆ ಐವತ್ತು ರೂಪಾಯಿಯಂತೆ ವರ್ಷವಿಡೀ ಪಿಗ್ಮಿ ಹುಡುಗನ ಕೈಗೆ ಕೊಟ್ಟ ದುಡ್ಡು. ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ನಾನು ತಗೊಂಡಿಲ್ಲಮ್ಮ" ಎಂದು ನನ್ನ ಮುಖವನ್ನೇ ನೋಡಿದರು. ಕ್ಯಾಮೆರಾ ಇದೆ, ಆದರೆ ಅದರಲ್ಲಿ ಹದಿನೈದು ದಿನದ ದೃಶ್ಯ ಮಾತ್ರ ಉಳಿಯುತ್ತದೆ. ನನ್ನಿಂದ ವಿವರಣೆ ಕೇಳಿದರು. ಆ ಹೊತ್ತಿನಲ್ಲಿ ನಾನು ಕುರ್ಚಿಯಲ್ಲಿ ಇರಲಿಲ್ಲ ಎಂದು ಬರೆದುಕೊಟ್ಟೆ. ಕಾರ್ಯದರ್ಶಿಗಳು ಓದಿ ಹೇಳಿದರು: "ಕುರ್ಚಿಯಲ್ಲಿ ಇರಲಿಲ್ಲ, ಸರಿ. ಕಂಪ್ಯೂಟರಿನಲ್ಲಿ ಇದ್ದಿರಲ್ಲ." ಅಜ್ಜಿಗೆ ಹಣ ಸಿಕ್ಕಿತು, ಅದೊಂದೇ ಸಮಾಧಾನ. ನನ್ನ ಸಂಬಳದಲ್ಲಿ ತಿಂಗಳಿಗೆ 4,600ರಂತೆ ನಾಲ್ಕು ಕಂತಿನಲ್ಲಿ ಕಡಿತವಾಯಿತು.

ಈಗ ನನಗೆ ಬೇಕಿರುವುದು ಇಷ್ಟು. ನಮ್ಮಲ್ಲಿ ಏಳು ಕಂಪ್ಯೂಟರ್‌ಗಳಿವೆ. ಐದರಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ, ಎರಡರಲ್ಲಿ ಹೋಮ್ ಆವೃತ್ತಿ. ಸರ್ವರ್ ಇಲ್ಲ, ಕಂಪ್ಯೂಟರ್ ರಿಪೇರಿಯ ಹುಡುಗ ಕರೆದಾಗ ಬರುತ್ತಾನೆ. ಯಾರೂ ಮುಟ್ಟದೆ ಇದ್ದರೆ ಪರದೆ ತಾನಾಗಿ ಲಾಕ್ ಆಗಬೇಕು, ಅದನ್ನು ಯಾರೂ ತಮ್ಮಷ್ಟಕ್ಕೆ ತೆಗೆಯುವಂತಿರಬಾರದು. ಎಷ್ಟು ನಿಮಿಷ ಇಡಬೇಕು? ಸಹೋದ್ಯೋಗಿಗಳು ಈಗಲೇ ಗೊಣಗುತ್ತಿದ್ದಾರೆ. ಅನುಭವ ಇದ್ದವರು ತಿಳಿಸಿ.

ಪ್ಲಾಂಟ್ ಐಟಿ, ವಸಂತನರಸಾಪುರ

ಮೇಡಂ, ನಿಮ್ಮ ಬರಹ ಓದಿ ಹೊಟ್ಟೆ ಉರಿಯಿತು. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇನ್ನೂರಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ನಿಮಗೆ ಬೇಕಾದಷ್ಟನ್ನು ಬಿಡಿಸಿ ಬರೆಯುತ್ತೇನೆ.

ಮೊದಲನೆಯದಾಗಿ, ಮಾನಿಟರ್ ಕಪ್ಪಾಗುವುದೇ ಲಾಕ್ ಎಂದು ಬಹಳ ಜನ ತಿಳಿದಿದ್ದಾರೆ. ಅದು ವಿದ್ಯುತ್ ಉಳಿಸುವ ಸೆಟ್ಟಿಂಗ್, ಅಷ್ಟೆ. ಮೌಸ್ ಅಲುಗಾಡಿಸಿದರೆ ನೀವು ಬಿಟ್ಟುಹೋದ ಕಿಟಕಿ ಹಾಗೇ ತೆರೆದುಕೊಳ್ಳುತ್ತದೆ. ಲಾಕ್ ಎಂದರೆ ಮರಳಿ ಬಂದವರನ್ನು ಪಾಸ್‌ವರ್ಡ್ ಅಥವಾ ಪಿನ್ ಕೇಳಬೇಕು. ನಿಮ್ಮ ಏಳೂ ಯಂತ್ರಗಳಲ್ಲಿ ಇದನ್ನು ಇಂದೇ ಪರೀಕ್ಷಿಸಿ.

ಪ್ರೊ ಇರುವ ಐದು ಯಂತ್ರಗಳಲ್ಲಿ ಸ್ಟಾರ್ಟ್ ಮೆನುವಿನಲ್ಲಿ ಲೋಕಲ್ ಸೆಕ್ಯುರಿಟಿ ಪಾಲಿಸಿ ಎಂದು ಹುಡುಕಿ ತೆರೆಯಿರಿ. ಅದರಲ್ಲಿ ಲೋಕಲ್ ಪಾಲಿಸೀಸ್, ಅದರೊಳಗೆ ಸೆಕ್ಯುರಿಟಿ ಆಪ್ಷನ್ಸ್. ಪಟ್ಟಿಯಲ್ಲಿ "ಇಂಟರ್‌ಆಕ್ಟಿವ್ ಲಾಗಾನ್: ಮೆಷಿನ್ ಇನಾಕ್ಟಿವಿಟಿ ಲಿಮಿಟ್" ಎಂಬ ಸಾಲು ಸಿಗುತ್ತದೆ. ಅಲ್ಲಿ ಸಮಯವನ್ನು ಸೆಕೆಂಡುಗಳಲ್ಲಿ ಕೊಡಬೇಕು. ಹತ್ತು ನಿಮಿಷಕ್ಕೆ 600, ಹದಿನೈದಕ್ಕೆ 900. ಸೊನ್ನೆ ಇದ್ದರೆ ಲಾಕ್ ಬೀಳುವುದೇ ಇಲ್ಲ. ಬದಲಾಯಿಸಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ. ಈ ಸೌಲಭ್ಯ ವಿಂಡೋಸ್ 8ರಿಂದಲೂ ಇದೆ, ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ನಮ್ಮ ಕಾರ್ಖಾನೆಯಲ್ಲಿ ಸರ್ವರ್ ಇರುವುದರಿಂದ ಇದೇ ಸಾಲನ್ನು ಗ್ರೂಪ್ ಪಾಲಿಸಿಯಲ್ಲಿ ಒಂದು ಕಡೆ ಬರೆದರೆ ಎಲ್ಲ ಯಂತ್ರಗಳಿಗೂ ಹೋಗುತ್ತದೆ. ನಿಮಗೆ ಐದು ಕಡೆ ಕೈಯಿಂದ ಮಾಡಬೇಕು, ಅರ್ಧ ಗಂಟೆಯ ಕೆಲಸ.

ಹೋಮ್ ಆವೃತ್ತಿಯಲ್ಲಿ ಈ ಕಿಟಕಿಯೇ ಇರುವುದಿಲ್ಲ. ಅಲ್ಲಿ ಸ್ಕ್ರೀನ್ ಸೇವರ್ ಸೆಟ್ಟಿಂಗ್‌ಗೆ ಹೋಗಿ, ನಿಮಿಷ ನಮೂದಿಸಿ, ಮರಳಿ ಬಂದಾಗ ಲಾಗಾನ್ ಪರದೆ ತೋರಿಸು ಎಂಬ ಚೌಕಕ್ಕೆ ಗುರುತು ಹಾಕಿ. ತೊಂದರೆ ಎಂದರೆ ಆ ಯಂತ್ರದಲ್ಲಿ ಕೂತವರು ಅದನ್ನು ತೆಗೆಯಬಹುದು. ಹಣ ಪಾಸ್ ಮಾಡುವ ಕೆಲಸವನ್ನು ಆ ಎರಡು ಯಂತ್ರಗಳಲ್ಲಿ ಇಟ್ಟುಕೊಳ್ಳಬೇಡಿ. ಪ್ರೊ ಯಂತ್ರಗಳಲ್ಲಿಯೂ ಎಲ್ಲರಿಗೂ ಅಡ್ಮಿನ್ ಅಧಿಕಾರ ಇದ್ದರೆ ನೀವು ಹಾಕಿದ್ದನ್ನು ಅವರು ತೆಗೆಯುತ್ತಾರೆ. ದಿನದ ಕೆಲಸಕ್ಕೆ ಸಾಮಾನ್ಯ ಖಾತೆ ಸಾಕು. ಅಡ್ಮಿನ್ ಪಾಸ್‌ವರ್ಡ್ ಒಂದು ಲಕೋಟೆಯಲ್ಲಿ ಸೀಲ್ ಆಗಿ ಬೀರುವಿನಲ್ಲಿರಲಿ.

ಎಷ್ಟು ನಿಮಿಷ? ಕಾರ್ಡ್ ಪಾವತಿಯ ಮಾಹಿತಿ ಇಟ್ಟುಕೊಳ್ಳುವವರಿಗೆ ಅನ್ವಯಿಸುವ ಪಿಸಿಐ ಮಾನದಂಡ ಹದಿನೈದು ನಿಮಿಷ ಸುಮ್ಮನಿದ್ದರೆ ಮತ್ತೆ ಗುರುತು ಕೇಳಬೇಕೆನ್ನುತ್ತದೆ. ಕಂಪ್ಯೂಟರ್ ಭದ್ರತೆಗೆಂದೇ ಇರುವ ಸಿಐಎಸ್ ಸಂಸ್ಥೆಯ ಮಾರ್ಗಸೂಚಿಯಲ್ಲೂ ಕಂಪ್ಯೂಟರಿಗೆ ಹದಿನೈದು ನಿಮಿಷ ಮೇಲ್ಮಿತಿ, ಮೊಬೈಲಿಗೆ ಎರಡು ನಿಮಿಷ. ಈಗ ನಿಮ್ಮ ಪ್ರಕರಣಕ್ಕೆ ಲೆಕ್ಕ ಹಾಕಿ ನೋಡಿ. ನೀವು ಎದ್ದದ್ದು 1.30. ವೋಚರ್ ಪಾಸ್ ಆದದ್ದು 1.47. ಹತ್ತು ನಿಮಿಷದ ಲಾಕ್ ಇದ್ದಿದ್ದರೆ 1.40ಕ್ಕೆ ಬಾಗಿಲು ಮುಚ್ಚುತ್ತಿತ್ತು. ಹದಿನೈದಾಗಿದ್ದರೆ 1.45ಕ್ಕೆ, ಎರಡೇ ನಿಮಿಷದ ಅಂತರ. ಇಪ್ಪತ್ತಾಗಿದ್ದರೆ ಪ್ರಯೋಜನವಿರಲಿಲ್ಲ. ಇನ್ನೊಂದು ವಿಷಯ ಮನಸ್ಸಿನಲ್ಲಿಡಿ. 1.35ಕ್ಕೆ ಯಾರಾದರೂ ಬಂದು ಮೌಸ್ ಮುಟ್ಟಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮುಟ್ಟಿದವರು ಯಾರು ಎಂಬುದು ಆ ಗಡಿಯಾರಕ್ಕೆ ತಿಳಿಯದು.

ಆದ್ದರಿಂದ ತಾನಾಗಿ ಬೀಳುವ ಲಾಕ್ ಮರೆತವರಿಗೆ ಆಸರೆ. ಏಳುವಾಗ ವಿಂಡೋಸ್ ಕೀ ಹಿಡಿದು ಎಲ್ ಒತ್ತುವುದು ಕೈಗೆ ರೂಢಿಯಾಗಬೇಕು. ಒಂದು ಸೆಕೆಂಡು ಸಾಕು.

ಹೊಸಬ, ಗೌರಿಬಿದನೂರು

ಲಾಕ್ ಆದರೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಅರ್ಧ ಮಾಡಿದ ಎಂಟ್ರಿ ಹೋಗಿಬಿಡುತ್ತದೆಯೇ? ನಮ್ಮಲ್ಲಿ ಇದೇ ಭಯಕ್ಕೆ ಯಾರೂ ಒಪ್ಪುತ್ತಿಲ್ಲ.

ಪ್ಲಾಂಟ್ ಐಟಿ, ವಸಂತನರಸಾಪುರ

ಹೋಗುವುದಿಲ್ಲ. ಲಾಕ್ ಮಾಡಿದಾಗ ಒಳಗೆ ಎಲ್ಲವೂ ಇದ್ದಂತೆಯೇ ಇರುತ್ತದೆ. ಪ್ರಿಂಟ್ ಹೋಗುತ್ತಿದ್ದರೆ ಹೋಗುತ್ತದೆ, ಡೌನ್‌ಲೋಡ್ ನಡೆಯುತ್ತಿದ್ದರೆ ನಡೆಯುತ್ತದೆ. ಸೈನ್ ಔಟ್ ಮಾಡಿದರೆ ಮಾತ್ರ ಕಾರ್ಯಕ್ರಮಗಳು ಮುಚ್ಚುತ್ತವೆ. ಬ್ಯಾಂಕಿನ ಅಥವಾ ಸರ್ಕಾರದ ವೆಬ್‌ಸೈಟ್ ತನ್ನದೇ ಸಮಯಕ್ಕೆ ಹೊರಹಾಕುವುದು ಬೇರೆ ಸಂಗತಿ, ಅದಕ್ಕೂ ಈ ಲಾಕ್‌ಗೂ ನಂಟಿಲ್ಲ.

ಎದುರು ಕೌಂಟರ್, ಚಿಂತಾಮಣಿ

ಎಲ್ಲರೂ ಲಾಕ್ ಲಾಕ್ ಎನ್ನುತ್ತಿದ್ದೀರಿ. ಕೌಂಟರಿನ ಈಚೆ ಕೂತವರ ಪಾಡನ್ನೂ ಕೇಳಿ.

ನಾನು ಅರ್ಜಿ ಸ್ವೀಕರಿಸುವ ಒಂದು ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೇ ಸಾಲು ನಿಂತಿರುತ್ತದೆ. ದೂರದ ಹಳ್ಳಿಗಳಿಂದ ಮೊದಲ ಬಸ್ ಹಿಡಿದು ಬಂದವರು. ಒಬ್ಬ ರೈತರ ಆಧಾರ್ ಪ್ರತಿ ನೋಡಬೇಕು, ಪಹಣಿ ನೋಡಬೇಕು, ಅವರಿಗೆ ಕಿವಿ ಕೇಳಿಸದಿದ್ದರೆ ಮೂರು ಸಲ ಹೇಳಬೇಕು. ಈ ನಡುವೆ ಕೀಬೋರ್ಡ್ ಮುಟ್ಟಲು ಆಗುವುದಿಲ್ಲ. ಮೇಲಿನವರು ಎರಡು ನಿಮಿಷಕ್ಕೆ ಲಾಕ್ ಇಟ್ಟರು. ಪ್ರತಿ ಅರ್ಜಿಗೆ ಒಮ್ಮೆ ಹನ್ನೆರಡು ಅಕ್ಷರದ ಪಾಸ್‌ವರ್ಡ್ ಒತ್ತಬೇಕು. ಅದರಲ್ಲಿ ದೊಡ್ಡಕ್ಷರ ಇರಬೇಕು, ಅಂಕಿ ಇರಬೇಕು, ಚಿಹ್ನೆ ಇರಬೇಕು, ನಲವತ್ತೈದು ದಿನಕ್ಕೊಮ್ಮೆ ಬದಲಾಯಿಸಬೇಕು. ನನ್ನ ಪಕ್ಕದ ಮೇಡಂಗೆ ಐವತ್ತಾರು ವರ್ಷ. ಒಂದು ತಪ್ಪು ಅಕ್ಷರ ಬಿದ್ದರೆ ಸಾಲಿನಲ್ಲಿದ್ದವರು ಕೂಗುತ್ತಾರೆ, ಅವರ ಕೈ ನಡುಗುತ್ತದೆ, ಮತ್ತೆ ತಪ್ಪುತ್ತದೆ.

ಕೊನೆಗೆ ಏನಾಯಿತು? ಅವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗೆ ಅಂಟಿಸಿದರು. ಇನ್ನೊಬ್ಬರು ಮುಳ್ಳಿನ ಕೈಗಡಿಯಾರ ಬಿಚ್ಚಿ ಮೌಸ್‌ನ ಕೆಳಗೆ ಇಟ್ಟರು. ಸೆಕೆಂಡಿನ ಮುಳ್ಳು ತಿರುಗಿದಾಗ ಮೌಸ್‌ನ ಬೆಳಕು ಅದನ್ನು ಚಲನೆ ಎಂದು ತಿಳಿಯುತ್ತದೆ, ಲಾಕ್ ಬೀಳುವುದಿಲ್ಲ. ಅವರು ಕಳ್ಳರಲ್ಲ ಸ್ವಾಮಿ. ಸಾಲನ್ನು ಮುಗಿಸಿ ಜನರನ್ನು ಮಧ್ಯಾಹ್ನದ ಬಸ್ಸಿಗೆ ಕಳುಹಿಸಬೇಕು ಎನ್ನುವವರು. ಈ ಕಷ್ಟ ತಿಳಿಯದವರು ಕಡ್ಡಾಯ ಎಂಬ ಮಾತನ್ನು ಆಡಬಾರದು.

ದಿನವಹಿ, ತುಮಕೂರು

ನಿಮ್ಮ ಮಾತು ಒಪ್ಪುತ್ತೇನೆ. ನಮ್ಮ ಕ್ಯಾಷಿಯರ್ ಹೇಳುವುದೂ ಇದನ್ನೇ. ಆದರೆ ಆ ಮೇಡಂನ ಚೀಟಿ ನೋಡಿ ಯಾರಾದರೂ ಒಂದು ಅರ್ಜಿಯನ್ನು ತಿದ್ದಿದರೆ ನಿವೃತ್ತಿಯ ಹೊತ್ತಿನಲ್ಲಿ ವಿಚಾರಣೆ ಎದುರಿಸುವವರು ಅವರೇ ಅಲ್ಲವೇ? ನನಗೆ ಅದೇ ಸಂಕಟ.

ಪ್ಲಾಂಟ್ ಐಟಿ, ವಸಂತನರಸಾಪುರ

ಚಿಂತಾಮಣಿಯವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೌಂಟರಿಗೆ ಎರಡು ನಿಮಿಷ ಎಂದು ಬರೆದವರು ಕೌಂಟರಿನಲ್ಲಿ ಒಂದು ದಿನ ಕೂತಿಲ್ಲ. ಜನ ಗಡಿಯಾರ ಇಟ್ಟರೆ ತಪ್ಪು ನಿಯಮದಲ್ಲಿದೆ ಎಂದೇ ನಾನು ತಿಳಿಯುತ್ತೇನೆ. ಕೌಂಟರಿಗೆ ಹತ್ತು ನಿಮಿಷ ಕೊಡಿ, ಎದ್ದು ಹೋಗುವಾಗ ಕೈಯಿಂದ ಲಾಕ್ ಮಾಡಲು ಹೇಳಿ.

ತೆರೆಯುವುದು ಸುಲಭವಾದರೆ ಮುಚ್ಚುವುದಕ್ಕೆ ಯಾರೂ ಬೇಸರಪಡುವುದಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಪಿನ್ ಇಡಬಹುದು. ಆ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು, ಬೇರೆ ಯಂತ್ರದಲ್ಲಿ ಅದು ನಡೆಯದು. ಎಟಿಎಂ ಬಳಸುವ ಯಾರಿಗಾದರೂ ಆರು ಅಂಕಿ ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ಬೆರಳಚ್ಚಿನ ಸಣ್ಣ ಸಾಧನವನ್ನು ಯುಎಸ್‌ಬಿಗೆ ಸಿಕ್ಕಿಸಿದರೆ ಇನ್ನೂ ಬೇಗ.

ಇನ್ನು ನಲವತ್ತೈದು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವ ನಿಯಮ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ, ಸೋರಿಕೆಯ ಸುಳಿವಿಲ್ಲದೆ ಅವಧಿಗೊಮ್ಮೆ ಬದಲಾಯಿಸುವಂತೆ ಒತ್ತಾಯಿಸಬಾರದು ಎಂದಿದೆ. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಶಿಫಾರಸು ಪಟ್ಟಿಯಿಂದ ಈ ನಿಯಮವನ್ನು ತೆಗೆದುಹಾಕಿತು. ಕೀಬೋರ್ಡಿನ ಕೆಳಗಿನ ಚೀಟಿಗಳು ಹುಟ್ಟುವುದೇ ಇಂಥ ನಿಯಮಗಳಿಂದ. ಇದನ್ನು ಮುದ್ರಿಸಿ ನಿಮ್ಮ ಮೇಲಿನವರಿಗೆ ತೋರಿಸಿ ಸರ್.

ರಕ್ತಪರೀಕ್ಷೆ, ಕೋಲಾರ

ನಾನು ಕೋಲಾರದ ಒಂದು ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಇಲ್ಲಿಯವರೆಗೆ ಹಣದ ಮಾತೇ ಬಂದಿದೆ, ನಾನು ಬೇರೊಂದನ್ನು ಹೇಳಬೇಕು.

ನಮ್ಮ ಮಾದರಿ ಸಂಗ್ರಹದ ಕಿಟಕಿ ಎದೆಮಟ್ಟದಲ್ಲಿದೆ. ಕಂಪ್ಯೂಟರ್ ಅದರ ಪಕ್ಕಕ್ಕೆ, ಓರೆಯಾಗಿ. ಮೂರು ವರ್ಷದ ಹಿಂದೆ ಒಂದು ದಿನ ಒಬ್ಬ ಮಗುವಿಗೆ ರಕ್ತನಾಳ ಸಿಗುತ್ತಿಲ್ಲ ಎಂದು ಒಳಗಿನಿಂದ ಕರೆದರು. ಓಡಿದೆ. ಪರದೆಯ ಮೇಲೆ ಗರ್ಭಿಣಿಯೊಬ್ಬರ ವರದಿ ತೆರೆದೇ ಇತ್ತು. ಹೆಸರು, ಊರು, ಗಂಡನ ಹೆಸರು, ಕೆಳಗೆ ಎಚ್‌ಐವಿ ಪರೀಕ್ಷೆಯ ಸಾಲು. ಹಿಂತಿರುಗಿದಾಗ ಕಿಟಕಿಯಲ್ಲಿ ನಿಂತಿದ್ದ ಹೆಂಗಸು ಪರದೆಯನ್ನು ನೋಡುತ್ತಿದ್ದರು. ನಾನು ಬಂದ ಕೂಡಲೇ ಕಣ್ಣು ತಿರುಗಿಸಿದರು. ತಮ್ಮ ಚೀಟಿ ಕೊಟ್ಟರು. ಅದರಲ್ಲಿ ಅದೇ ಊರಿನ ಹೆಸರಿತ್ತು.

ಅವರು ಓದಿದರೋ ಇಲ್ಲವೋ, ಓದಿದ್ದನ್ನು ಯಾರಿಗಾದರೂ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲೂ ಆಗುವುದಿಲ್ಲ, ಕೇಳಿದರೆ ನಾನೇ ಹೇಳಿದಂತಾಗುತ್ತದೆ. ಆ ಗರ್ಭಿಣಿ ಮುಂದಿನ ತಿಂಗಳು ತಪಾಸಣೆಗೆ ಬರಲಿಲ್ಲ. ತವರಿಗೆ ಹೋಗಿರಬಹುದು. ಹಾಗೆಂದುಕೊಂಡು ಎಷ್ಟು ರಾತ್ರಿ ಮಲಗಿದ್ದೇನೋ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಆ ಸ್ಥಿತಿಯನ್ನು ಗೋಪ್ಯವಾಗಿಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನಮಗೆ ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಿದ್ದರು. ಬಾಯಿಂದ ಯಾರಿಗೂ ಹೇಳಬಾರದು ಎಂದು ಅರ್ಥ ಮಾಡಿಕೊಂಡಿದ್ದೆ. ಪರದೆಯೂ ಬಾಯಿಯೇ ಎಂದು ಅವತ್ತು ತಿಳಿಯಿತು.

ಈಗ ನಮ್ಮಲ್ಲಿ ಮೂರು ನಿಮಿಷಕ್ಕೆ ಲಾಕ್. ಕೈಗವಸು ಹಾಕಿದಾಗ ಬೆರಳಚ್ಚು ನಡೆಯುವುದಿಲ್ಲ, ಪದೇ ಪದೇ ಸ್ಪಿರಿಟ್ ಹಚ್ಚಿ ಒಣಗಿದ ಬೆರಳನ್ನೂ ಆ ಸಾಧನ ಎಷ್ಟೋ ಸಲ ಗುರುತಿಸುವುದಿಲ್ಲ. ಪಿನ್ ಸಾಕು. ಅಂಕಿಗಳ ಕೀಲಿಮಣೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಗವಸಿನ ಕೈಯಲ್ಲೇ ಒತ್ತುತ್ತೇವೆ. ಅದಕ್ಕಿಂತ ಮೊದಲು ಮಾಡಿದ ಕೆಲಸ ಎಂದರೆ ಮೇಜನ್ನೇ ತಿರುಗಿಸಿದ್ದು. ಪರದೆಯ ಬೆನ್ನು ಕಿಟಕಿಗೆ, ಮುಖ ಗೋಡೆಗೆ. ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ನಿಮ್ಮ ಕಚೇರಿಗಳಲ್ಲೂ ಇವತ್ತೇ ಗ್ರಾಹಕರ ಜಾಗದಲ್ಲಿ ನಿಂತು ಏನೇನು ಕಾಣುತ್ತದೆ ನೋಡಿ.

ಮಂಡಿ ರೈಟರ್, ಕೋಲಾರ

ಅಕ್ಕ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ನಾನು ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಮಂಡಿಯೊಂದರಲ್ಲಿ ಪಟ್ಟಿ ಬರೆಯುತ್ತೇನೆ. ನಮ್ಮ ತೊಂದರೆ ಬೇರೆ. ಒಂದೇ ಕಂಪ್ಯೂಟರ್, ಒಂದೇ ಲಾಗಿನ್, ನಾಲ್ಕು ಜನ ಮುಟ್ಟುತ್ತೇವೆ. ಹರಾಜು ಮುಗಿಯುತ್ತಿದ್ದಂತೆ ಲಾಟಿನ ದರ ಒಬ್ಬ ಕೂಗುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಲಾಕ್ ಹಾಕಿದರೂ ನಾಲ್ವರಿಗೂ ಪಾಸ್‌ವರ್ಡ್ ಗೊತ್ತು, ಅದರಿಂದ ಏನು ಪ್ರಯೋಜನ? 2023ರ ಜುಲೈನಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆಗ ಒಂದು ಪಟ್ಟಿಯಲ್ಲಿ 34 ಬಾಕ್ಸ್ ಇದ್ದದ್ದು 31 ಆಗಿತ್ತು. ಮೂರು ಬಾಕ್ಸ್ ಎಂದರೆ ಆರು ಸಾವಿರ. ರೈತರು ಚೀಟಿ ಇಟ್ಟುಕೊಂಡಿದ್ದರಿಂದ ಸಿಕ್ಕಿತು. ಯಾರು ತಿದ್ದಿದರು ಎಂದು ಕೇಳಿದರೆ ಕಂಪ್ಯೂಟರ್ ಮಂಡಿಯ ಹೆಸರನ್ನೇ ತೋರಿಸುತ್ತದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ದಿನದಿಂದ ನಮ್ಮ ನಡುವೆ ಮೊದಲಿನ ಸಲುಗೆ ಇಲ್ಲ.

ಪ್ಲಾಂಟ್ ಐಟಿ, ವಸಂತನರಸಾಪುರ

ಈ ಚರ್ಚೆಯ ತಿರುಳು ಇಲ್ಲಿದೆ. ಲಾಗಿನ್ ಹಂಚಿಕೊಂಡ ಕಡೆ ಲಾಕ್ ಹಾಕುವುದು, ಎಲ್ಲರ ಕೈಯಲ್ಲೂ ಬೀಗದ ಕೈ ಇರುವ ಮನೆಗೆ ಬೀಗ ಹಾಕಿದಂತೆ. ಮೊದಲು ನಾಲ್ವರಿಗೆ ನಾಲ್ಕು ಖಾತೆ ಮಾಡಿ. ಒಬ್ಬರು ಲಾಕ್ ಮಾಡಿ ಹೋದ ಯಂತ್ರದಲ್ಲಿ ಇನ್ನೊಬ್ಬರು ತಮ್ಮ ಹೆಸರನ್ನು ಆರಿಸಿ ಒಳಗೆ ಹೋಗಬಹುದು, ಮೊದಲಿನವರ ಕೆಲಸ ಹಾಗೇ ಕಾದಿರುತ್ತದೆ. ಪಟ್ಟಿಯ ಕಾರ್ಯಕ್ರಮದಲ್ಲಿಯೂ ಬೇರೆ ಬೇರೆ ಬಳಕೆದಾರರನ್ನು ಮಾಡಿಸಿ, ಏಕೆಂದರೆ ತಿದ್ದುಪಡಿ ಮಾಡಿದವರ ಹೆಸರು ದಾಖಲಾಗುವುದು ಅಲ್ಲಿ.

ತೂಕದ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್ ಇದ್ದರೆ ಹುಷಾರು. ರೈತರಿಗೆ ತೂಕ ಕಾಣುತ್ತಲೇ ಇರಬೇಕು. ತೂಕವನ್ನು ಹೊರಗಿನ ದೊಡ್ಡ ಅಂಕಿಯ ಫಲಕಕ್ಕೆ ಕೊಡಿ, ಆಮೇಲೆ ಕಂಪ್ಯೂಟರಿಗೆ ಲಾಕ್ ಹಾಕಿ. ನಮ್ಮ ಕಾರ್ಖಾನೆಯಲ್ಲೂ ಯಂತ್ರಗಳ ಎಚ್ಚರಿಕೆ ತೋರಿಸುವ ಪರದೆಗಳಿಗೆ ಲಾಕ್ ಇಲ್ಲ. ಅವುಗಳ ಖಾತೆಗೆ ನೋಡುವ ಅಧಿಕಾರ ಮಾತ್ರ ಇದೆ, ಬದಲಾಯಿಸುವ ಅಧಿಕಾರ ಇಲ್ಲ.

ಮನೆಮಂದಿ, ಮಧುಗಿರಿ

ನಾನು ಭಿನ್ನವಾಗಿ ಯೋಚಿಸುತ್ತೇನೆ. ನಮ್ಮ ಕಚೇರಿಯಲ್ಲಿ ಆರು ಜನ ಇದ್ದೇವೆ, ಹದಿನೆಂಟು ವರ್ಷದಿಂದ ಒಟ್ಟಿಗೆ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಅಕ್ಕಿ ಅಳೆದಿದ್ದೇವೆ. ಇಂಥ ಕಡೆ ಪ್ರತಿಯೊಬ್ಬರೂ ಎದ್ದಾಗಲೆಲ್ಲ ಬೀಗ ಜಡಿದರೆ ಪಕ್ಕದವರಿಗೆ ಏನನ್ನಿಸಬೇಕು? ತಪ್ಪು ಮಾಡುವವನು ಹೇಗಾದರೂ ಮಾಡುತ್ತಾನೆ. ಒಬ್ಬ ಕೆಟ್ಟವನಿಗಾಗಿ ಐದು ಜನರನ್ನು ಅನುಮಾನಿಸುವುದು ಸರಿಯೇ?

ದಿನವಹಿ, ತುಮಕೂರು

ಸರ್, ನೀವು ಬರೆದ ಪ್ರತಿ ಸಾಲನ್ನೂ ಕಳೆದ ಬೇಸಿಗೆಯವರೆಗೆ ನಾನೂ ಹೇಳುತ್ತಿದ್ದೆ. ನಮ್ಮಲ್ಲೂ ಮನೆಯವರಂತೆಯೇ ಇದ್ದೆವು. ನನ್ನ ಮಗಳ ಬಾಣಂತನಕ್ಕೆ ಕಚೇರಿಯವರೆಲ್ಲ ಬಂದಿದ್ದರು.

ಆ ವೋಚರ್ ಬಂದ ಮೇಲೆ ಏನಾಯಿತು ಗೊತ್ತೇ? ಉಳಿದ ಆರೂ ಜನರನ್ನು ನಾನು ಮನಸ್ಸಿನಲ್ಲಿ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ನೋಡಿದೆ. ಚಹಾ ಕೊಡುವಾಗ ಕೈ ನೋಡಿದೆ, ಮಾತಾಡುವಾಗ ಕಣ್ಣು ನೋಡಿದೆ. ಅವರಲ್ಲಿ ಐದು ಜನ ಖಂಡಿತ ನಿರಪರಾಧಿಗಳು, ಆದರೆ ಯಾವ ಐದು ಎಂದು ನನಗೆ ತಿಳಿಯುವ ಬಗೆ ಇಲ್ಲ. ಅವರೂ ನನ್ನನ್ನು ಹಾಗೆಯೇ ನೋಡುತ್ತಾರೆ. ಅನುಮಾನ ಲಾಕ್‌ನಿಂದ ಬರಲಿಲ್ಲ ಸರ್, ಲಾಕ್ ಇಲ್ಲದ್ದರಿಂದ ಬಂತು.

ನಿವೃತ್ತ ಶಿರಸ್ತೇದಾರ್, ಶಿರಾ

ತಾಲ್ಲೂಕು ಕಚೇರಿಯಲ್ಲಿ ಮೂವತ್ತೈದು ವರ್ಷ ಸೇವೆ ಮಾಡಿದವನು. ಮಧುಗಿರಿಯವರಿಗೆ ಒಂದು ಹಳೆಯ ಪದ್ಧತಿಯನ್ನು ನೆನಪಿಸುತ್ತೇನೆ. ಖಜಾನೆಯ ಭದ್ರತಾ ಕೋಣೆಗೆ ಎರಡು ಬೀಗ, ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳು. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು. ಅದನ್ನು ಯಾರೂ ಅವಮಾನ ಎಂದು ಭಾವಿಸಿದ್ದನ್ನು ನಾನು ಕಾಣೆ. ನನ್ನ ಕಾಲದ ಒಬ್ಬ ಗುಮಾಸ್ತರು ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಸ್ನಾನಕ್ಕೂ ಹೋಗುತ್ತಿದ್ದರು.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಹೋದಾಗ, ಅದರೊಳಗೆ ಹೋಗಲು ಬೆರಳಚ್ಚು ಕೊಡಬೇಕೆಂದರು. ಆಗ ನಾವೂ ಗೊಣಗಿದೆವು. ಆದರೆ ಮ್ಯುಟೇಷನ್ ಯಾರ ಕೈಯಿಂದ ಆಯಿತು ಎಂಬ ಜಗಳ ಬಂದಾಗ ನಮ್ಮನ್ನು ಉಳಿಸಿದ್ದು ಆ ಬೆರಳಚ್ಚೇ. ಸಹಿ ಮಾಡಿದ ಖಾಲಿ ಚೆಕ್ಕನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುವವರು ಯಾರಿದ್ದಾರೆ? ತೆರೆದ ಲಾಗಿನ್ ಅದೇ ಅಲ್ಲವೇ?

ಮನೆಮಂದಿ, ಮಧುಗಿರಿ

ಹಿರಿಯರ ಮಾತಿಗೆ ಎದುರಾಡುವುದಿಲ್ಲ. ಆದರೂ ಕಡ್ಡಾಯ ಎನ್ನುವ ಬದಲು ಎಲ್ಲರನ್ನೂ ಕೂರಿಸಿ ಮಾತಾಡಿ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ವಕೀಲ ವೃತ್ತಿ, ಚಿಕ್ಕಬಳ್ಳಾಪುರ

ಕಾನೂನಿನ ಎರಡು ಸಂಗತಿ. ಬೇರೊಬ್ಬರ ಪಾಸ್‌ವರ್ಡ್ ಅಥವಾ ಅಂಥ ಗುರುತನ್ನು ವಂಚನೆಯಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಅಡಿ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ ಇದೆ. ಆದರೆ ಬಳಸಿದವರು ಬೇರೊಬ್ಬರು ಎಂದು ತೋರಿಸಿಕೊಡಲು ಸಾಕ್ಷ್ಯ ಬೇಕು. ತೆರೆದಿಟ್ಟ ಯಂತ್ರದಲ್ಲಿ ಅಂಥ ಸಾಕ್ಷ್ಯ ಸಿಗುವುದು ಕಷ್ಟ. ಲಾಕ್ ಆಗಿದ್ದ ಯಂತ್ರವಾದರೆ ಯಾವ ಖಾತೆ ಯಾವಾಗ ತೆರೆಯಿತು ಎಂಬ ದಾಖಲೆಗೆ ಬೆಲೆ ಬರುತ್ತದೆ.

ಎರಡನೆಯದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಜನರ ಮಾಹಿತಿ ಇಟ್ಟುಕೊಂಡ ಸಂಸ್ಥೆ ಸೂಕ್ತ ಭದ್ರತೆ ಒದಗಿಸಬೇಕು, ತಪ್ಪಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಮೇಡಂ, ಆಡಳಿತ ಮಂಡಳಿಗೆ ಬರೆಯುವಾಗ ಇದನ್ನು ಸೇರಿಸಿ. ಹೊಣೆ ಸಿಬ್ಬಂದಿಯ ತಲೆಯ ಮೇಲಷ್ಟೇ ಇಲ್ಲ ಎಂಬುದು ಅವರಿಗೆ ತಿಳಿಯಲಿ.

ಹೊಸಬ, ಗೌರಿಬಿದನೂರು

ಮೊಬೈಲ್ ದೂರ ಹೋದರೆ ಕಂಪ್ಯೂಟರ್ ತಾನಾಗಿ ಲಾಕ್ ಆಗುವ ವ್ಯವಸ್ಥೆ ಇದೆಯಂತಲ್ಲ?

ಪ್ಲಾಂಟ್ ಐಟಿ, ವಸಂತನರಸಾಪುರ

ಡೈನಮಿಕ್ ಲಾಕ್, 2017ರಿಂದ ವಿಂಡೋಸ್ 10ರಲ್ಲಿದೆ. ಬ್ಲೂಟೂತ್‌ನಿಂದ ಫೋನ್ ಜೋಡಿಸಬೇಕು. ಚಿಕ್ಕ ಕಚೇರಿಯಲ್ಲಿ ಹಿಂದಿನ ಕೋಣೆಯವರೆಗೂ ಬ್ಲೂಟೂತ್ ತಲುಪುತ್ತದೆ, ಫೋನನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುವವರೂ ಇದ್ದಾರೆ. ಅದನ್ನು ನೆಚ್ಚಿಕೊಳ್ಳಬೇಡಿ.

ದಿನವಹಿ, ತುಮಕೂರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮಧುಗಿರಿಯವರು ಹೇಳಿದಂತೆ ಮೊದಲು ಎಲ್ಲರನ್ನೂ ಕೂರಿಸಿ ಮಾತಾಡಿದೆ. ನನ್ನ ಸಂಬಳದ ಚೀಟಿಯನ್ನು ಮೇಜಿನ ಮೇಲೆ ಇಟ್ಟು, ಕಡಿತದ ಸಾಲನ್ನು ತೋರಿಸಿದೆ. ಹೆಚ್ಚು ವಿವರಿಸಬೇಕಾಗಲಿಲ್ಲ. ಮೊದಲ ವಾರ ಹದಿನೈದು ನಿಮಿಷ ಇಟ್ಟೆವು, ಎರಡನೆಯ ವಾರದಿಂದ ಹತ್ತು. ಎಲ್ಲರಿಗೂ ಆರು ಅಂಕಿಯ ಪಿನ್. ಪಾಸ್ ಮಾಡುವ ಕೆಲಸ ಪ್ರೊ ಯಂತ್ರಗಳಿಗೆ ಬಂತು. ಕ್ಯಾಷಿಯರ್ ಎರಡು ದಿನ ಸಿಡುಕಿದರು, ಈಗ ಸುಮ್ಮನಿದ್ದಾರೆ.

ಒಂದು ವಿಷಯ ನಮ್ಮ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಕಳೆದ ಮಂಗಳವಾರ ಕರೆಂಟ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಹಳೆಯದು, ಯಂತ್ರಗಳು ಆರಿದವು. ಕರೆಂಟ್ ಬಂದ ಮೇಲೆ ಸಾಲದ ವಿಭಾಗದ ಕಂಪ್ಯೂಟರ್ ಆನ್ ಆಗಿ, ಏನನ್ನೂ ಕೇಳದೆ ನೇರವಾಗಿ ಒಳಗೆ ಹೋಯಿತು. ಅಂದರೆ ಲಾಕ್ ಬಿದ್ದಿದ್ದರೂ ಪವರ್ ಗುಂಡಿ ಒತ್ತಿ ಆರಿಸಿ ಮತ್ತೆ ಹಚ್ಚಿದರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಪದೇ ಪದೇ ಕರೆಂಟ್ ಹೋಗುತ್ತಿದ್ದ ಕಾಲದಲ್ಲಿ ಬೇಸತ್ತು ಯಾರೋ ಹಾಗೆ ಮಾಡಿಸಿದ್ದರಂತೆ. ರಿಪೇರಿಯ ಹುಡುಗನನ್ನು ಕರೆಸಿ ತೆಗೆಸಿದೆ. ನೀವೂ ಒಮ್ಮೆ ಆರಿಸಿ ಹಚ್ಚಿ ನೋಡಿ.

ಉಳಿದಿರುವುದು ಒಂದೇ. ಏಳರಲ್ಲಿ ಆರು ಯಂತ್ರಗಳಿಗೆ ಲಾಕ್ ಆಗಿದೆ. ಕಾರ್ಯದರ್ಶಿಗಳು ತಮ್ಮ ಯಂತ್ರಕ್ಕೆ ಬೇಡ ಎಂದಿದ್ದಾರೆ. ತಮ್ಮ ಕೋಣೆಗೆ ಬಾಗಿಲಿದೆ, ಸಾಕು ಎನ್ನುತ್ತಾರೆ.

ನಿವೃತ್ತ ಶಿರಸ್ತೇದಾರ್, ಶಿರಾ

ಅತಿ ಹೆಚ್ಚು ಮೊತ್ತ ಪಾಸ್ ಮಾಡುವ ಅಧಿಕಾರ ಯಾರ ಲಾಗಿನ್‌ಗೆ ಇದೆ ತಾಯಿ?

ದಿನವಹಿ, ತುಮಕೂರು

ಅವರದಕ್ಕೇ ಸರ್. ಐವತ್ತು ಸಾವಿರ ದಾಟಿದ ಪ್ರತಿ ವೋಚರ್, ಪ್ರತಿ ಆಭರಣ ಸಾಲ ಅಲ್ಲಿಂದಲೇ ಪಾಸ್ ಆಗಬೇಕು. ಕೋಣೆಯ ಬಾಗಿಲು ದಿನವಿಡೀ ತೆರೆದಿರುತ್ತದೆ.

ನಿವೃತ್ತ ಶಿರಸ್ತೇದಾರ್, ಶಿರಾ

ಹಾಗಾದರೆ ಬಾಯಿಮಾತಿನಲ್ಲಿ ಬಿಡಬೇಡಿ. ಆಡಳಿತ ಮಂಡಳಿಯ ಸಭೆಯ ವಿಷಯಪಟ್ಟಿಗೆ ಸೇರಿಸುವಂತೆ ಲಿಖಿತವಾಗಿ ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ.

ದಿನವಹಿ, ತುಮಕೂರು

ಇವತ್ತು ಮಧ್ಯಾಹ್ನ ಕೊಟ್ಟೆ. ಸಭೆ ಶನಿವಾರ. ಸ್ವೀಕೃತಿಯ ಮೇಲೆ ಸಂಘದ ಮೊಹರು ಬಿದ್ದಿದೆ, ತಾರೀಖಿನ ಜೊತೆಗೆ ಸಮಯವನ್ನೂ ಬರೆಸಿಕೊಂಡಿದ್ದೇನೆ. 1 ಗಂಟೆ 25 ನಿಮಿಷ. ಆಮೇಲೆ ಕಂಪ್ಯೂಟರ್ ಲಾಕ್ ಮಾಡಿ ಊಟಕ್ಕೆ ಎದ್ದೆ.